ತಡೆಹಿಡಿದ ಸಂಬಳ: ಹುಡುಗನಿಗಿರುವ ಕಾನೂನಿನ ದಾರಿ

ಗಲ್ಲಾದಲ್ಲಿ ಕೂರುವ ಮೊದಲು ನಮ್ಮಲ್ಲಿ ಅನೇಕರು ಟೇಬಲ್ ಒರೆಸಿದವರೇ. ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಬೆಳೆದವರು. ಆಗ ಒಂದು ತಿಂಗಳ ಸಂಬಳ ಮಾಲಕರ ಕೈಯಲ್ಲೇ ಇರುತ್ತಿತ್ತು. ಒಡೆದ ಗ್ಲಾಸಿಗೆ ದುಡ್ಡು ಮುರಿಯುತ್ತಿದ್ದರು, ಬಿಲ್ಲು ಕೊಡದೆ ಓಡಿದ ಗಿರಾಕಿಯ ಲೆಕ್ಕ ಸಪ್ಲಾಯರನ ತಲೆಗೆ ಬರುತ್ತಿತ್ತು. ಮಾಲಕರಾದ ಮೇಲೆ ಅದೇ ಪದ್ಧತಿಯನ್ನು ನಾವೂ ಮುಂದುವರಿಸಿದ್ದೇವೆ, ಒಪ್ಪಿಕೊಳ್ಳೋಣ. ನಮಗೆ ಕೇಳುವ ಧೈರ್ಯ ಇರಲಿಲ್ಲ. ಇಂದಿನ ಹುಡುಗ ಕೇಳುತ್ತಾನೆ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆಗಳ ಜಾಗಕ್ಕೆ ಇದು ಬಂದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈ ಸೇರಬೇಕು. ಹುಡುಗನನ್ನು ನಾವು ತೆಗೆದರೂ, ಅವನೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. "ಚೌತಿ ಮುಗಿಸಿ ಬಾ, ಆಮೇಲೆ ನೋಡುವ" ಎನ್ನುವ ಹಾಗಿಲ್ಲ.

ನಷ್ಟವನ್ನು ಸಂಬಳದಿಂದ ಮುರಿಯಬೇಕಾದರೆ ಅದು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನ ಮಾತನ್ನೂ ಕೇಳಿರಬೇಕು. ಗಿರಾಕಿ ಓಡಿಹೋದದ್ದು ಸಪ್ಲಾಯರನ ತಪ್ಪು ಎಂದು ಸುಮ್ಮನೆ ಬರೆದಿಡಲಾಗದು. ಕೊಟ್ಟ ಮುಂಗಡ ಹಿಂಪಡೆಯಬಹುದು. ಆದರೆ ಕೆಲಸಕ್ಕೆ ಸೇರುವ ಮೊದಲು ಊರಿನಿಂದ ಬರಲು ಕೊಟ್ಟ ಬಸ್ ಚಾರ್ಜನ್ನು ಮುರಿಯುವಂತಿಲ್ಲ. (ಇದು ಹಳೆಯ ಕಾಯ್ದೆಯಲ್ಲೂ ಇತ್ತು, ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!) ಎಲ್ಲ ಕಡಿತ ಸೇರಿ ಸಂಬಳದ ಅರ್ಧವನ್ನು ಮೀರಬಾರದು.

ಹಣ ಸಿಗದಿದ್ದರೆ ಹುಡುಗ ಏನು ಮಾಡಬಹುದು? ಸರಕಾರ ನೇಮಿಸಿದ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಅವನು ಸದಸ್ಯನಾಗಿರುವ ನೋಂದಾಯಿತ ಯೂನಿಯನ್ನೂ, ಇನ್‌ಸ್ಪೆಕ್ಟರರೂ ಅವನ ಪರವಾಗಿ ಹಾಕಬಹುದು. ಕನಿಷ್ಠ ವೇತನದ ದೂರಿಗೆ ಮೊದಲು ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಅವರಿಗಿದೆ. 20,000 ರೂಪಾಯಿ ಹಿಡಿದುಕೊಂಡ ಮಾಲಕರಿಗೆ 2 ಲಕ್ಷದವರೆಗೂ ಹೊರೆ ಬೀಳಬಹುದು ಎಂದಾಯಿತು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಆದೇಶ ಸರಿಕಾಣದಿದ್ದರೆ 90 ದಿನಗಳೊಳಗೆ ಮೇಲ್ಮನವಿ ಉಂಟು. ಕಡಿಮೆ ಸಂಬಳ ಕೊಟ್ಟದ್ದಕ್ಕೆ 50,000 ರೂಪಾಯಿವರೆಗೆ ದಂಡ ಬೇರೆ.

ನಮಗೆ ಹೆಚ್ಚು ಬಿಸಿ ತಟ್ಟುವ ವಿಷಯ ಇನ್ನೊಂದಿದೆ. ಸಂಬಳ ಸಿಕ್ಕಿಲ್ಲವೆಂದು ಅವನು ಸಾಬೀತು ಮಾಡಬೇಕಿಲ್ಲ, ಕೊಟ್ಟಿದ್ದೇವೆಂದು ನಾವು ತೋರಿಸಬೇಕು. ಗಲ್ಲಾದಿಂದ ನಗದು ತೆಗೆದು ಕೊಟ್ಟು, ಡೈರಿಯ ಮೂಲೆಯಲ್ಲಿ ಗೀಚಿದ್ದು ಅಲ್ಲಿ ಎಷ್ಟು ನಿಂತೀತು? ರಿಜಿಸ್ಟರ್ ಇರಬೇಕು, ವೇತನ ಚೀಟಿ ಕೊಟ್ಟಿರಬೇಕು. ಬ್ಯಾಂಕಿನ ಮೂಲಕ ಕೊಟ್ಟರೆ ಇನ್ನೂ ಒಳ್ಳೆಯದು. ಊರಿಗೆ ಹೋಗಿ ತಿರುಗಿ ಬಾರದ ಹುಡುಗರ ಬಾಕಿ ಯಾರಲ್ಲಾದರೂ ಉಳಿದಿದ್ದರೆ ಈ ವಾರವೇ ಪುಸ್ತಕ ತೆರೆದು ನೋಡಿ, ಅವರ ಖಾತೆಗೆ ಹಾಕಿಬಿಡಿ.