ನೆರಳೂ ದಾಸೋಹವೇ

ಗೋಡೆಗೆ ಹಸಿರು ವನದ ಚಿತ್ರವನ್ನು ತೂಗುಹಾಕಿ, ಎಲೆ ಉದುರಿ ಕಸವಾಗುತ್ತದೆಂದು ಅಂಗಳದ ಬೇವಿನ ಮರವನ್ನು ಕಡಿಸುವವರು ನಾವು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ಮಾರ್ಗದ ಆಲದ ಸಾಲು ನಮ್ಮನ್ನು ನಾಚಿಸುತ್ತದೆ.

ಮಕ್ಕಳಿಲ್ಲದ ತಿಮ್ಮಕ್ಕ–ಚಿಕ್ಕಯ್ಯ ದಂಪತಿಗಳು ಕೂಲಿ ಮಾಡಿ ಬದುಕುತ್ತಲೇ ಆ ದಾರಿಯ ಇಕ್ಕೆಲಗಳಲ್ಲಿ ಸಸಿ ನೆಟ್ಟರು. ಬಿಂದಿಗೆಯಲ್ಲಿ ನೀರು ಹೊತ್ತು ಎರೆದರು. ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. ನೆಲ ತಮ್ಮದಲ್ಲ, ನೆರಳು ದಾರಿಹೋಕರದು; ಆದರೂ ಕೈ ನಿಲ್ಲಲಿಲ್ಲ. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕೊಡಲಿಯ ಭೀತಿ ಒದಗಿದಾಗ, ಇಳಿವಯಸ್ಸಿನ ಆ ತಾಯಿ ಅವುಗಳ ಉಳಿವಿಗಾಗಿ ಸರ್ಕಾರವನ್ನು ಬೇಡಬೇಕಾಯಿತು. ಬಿರುದು ಕೊಡುವುದು ಸುಲಭ, ಮರವನ್ನು ಉಳಿಸುವುದು ಕಷ್ಟ! 2025ರ ನವೆಂಬರ್ 14ರಂದು ಆಕೆ ಇಹಲೋಕವನ್ನು ತ್ಯಜಿಸಿದರು.

ಶರಣರು ಕಾಯಕ, ದಾಸೋಹ ಎಂದದ್ದು ಇಂತಹ ಬಾಳನ್ನೇ ಅಲ್ಲವೇ? ಹಸಿದವನಿಗೆ ಅನ್ನದಂತೆ, ಬಿಸಿಲಲ್ಲಿ ನಡೆವವನಿಗೆ ನೆರಳೂ ದಾಸೋಹವೇ. ನಿತ್ಯಪೂಜೆಗೆ ಪತ್ರೆ ಕೊಯ್ಯುವ ನಾವು ಮನೆಗೊಂದು ಬಿಲ್ವದ ಸಸಿ ನೆಟ್ಟು, ಅದು ಬೇರೂರುವವರೆಗೆ ಬೇಸಿಗೆ ಬೇಸಿಗೆಗೂ ನೀರೆರೆಯೋಣ. ನೆಡುವುದು ಒಂದು ದಿನದ ಉತ್ಸವ, ಬೆಳೆಸುವುದೇ ಕಾಯಕ.