ರಸ್ತೆ ಬದಿಯ ರಾಜಿಯೂ ವಕೀಲರ ಬಾಗಿಲೂ

ಕೊಪ್ಪ ತಾಲ್ಲೂಕಿನ ಭಂಡಿಗಡಿಯಿರಲಿ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳ್ಳಿಗಳಿರಲಿ, ರಸ್ತೆಯೆಂದರೆ ತಿರುವು. ಬೆಳಿಗ್ಗೆ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಪಿಕಪ್ ವ್ಯಾನು, ಎದುರಿಗೆ ಬಸ್ಸು, ಮಳೆಗೆ ಪಾಚಿಗಟ್ಟಿದ ಅಂಚು. ಇಂಥ ಕಡೆ ಜೀಪೊಂದು ಬೈಕಿಗೆ ಬಡಿದು ಒಬ್ಬನ ಕಾಲು ಮುರಿಯಿತೆಂದುಕೊಳ್ಳಿ. ಜೀಪಿನವನು ಗೊತ್ತಿದ್ದವನೇ. "ಸ್ಟೇಷನ್ನು, ಕೋರ್ಟು ಎಲ್ಲ ಯಾಕೆ ಮಾರಾಯ, ಆಸ್ಪತ್ರೆ ಖರ್ಚು ನಾನು ಕೊಡ್ತೇನೆ" ಎನ್ನುತ್ತಾನೆ. ಊರ ಹಿರಿಯರೊಬ್ಬರು ಇಪ್ಪತ್ತೈದು ಸಾವಿರಕ್ಕೆ ಮಾತು ಮುಗಿಸುತ್ತಾರೆ. ಆರು ತಿಂಗಳಾದರೂ ಕಾಲು ಮಡಚದೆ ಹೋದಾಗ, ಠಾಣೆಯಲ್ಲಿ ದೂರಿಲ್ಲ, ಆಸ್ಪತ್ರೆಯ ದಾಖಲೆಯಲ್ಲಿ "ಜಾರಿ ಬಿದ್ದದ್ದು" ಎಂದಿದೆ.

ಈ ರಾಜಿಯ ಹಿಂದೆ ಕೇಡಿಗತನ ಇರುವುದು ಕಡಿಮೆ. ನೆರೆಯವನ ಕೈಯಿಂದ ಹಣ ಕೀಳಬಾರದೆಂಬ ದಾಕ್ಷಿಣ್ಯವೇ ಹೆಚ್ಚು. ಆದರೆ ವಾಹನಕ್ಕೆ ಸರಿಯಾದ ವಿಮೆಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪೆನಿ, ನೆರೆಯವನಲ್ಲ. ಮೂರನೆಯವರಿಗಾಗುವ ಹಾನಿಗೆ ವಿಮೆಯನ್ನು ಕಡ್ಡಾಯ ಮಾಡಿದ್ದೇ ಇದಕ್ಕಾಗಿ. ಚಾಲಕನ ಮೇಲೆ ಪೊಲೀಸ್ ಮೊಕದ್ದಮೆ ಬರುತ್ತದೆ ಎಂಬುದು ನಿಜ. ಊರಿನವರು ಹಿಂಜರಿಯುವುದು ಅದಕ್ಕೇ. ಆ ಮುಜುಗರವನ್ನೂ ಮುರಿದ ಕಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಸತ್ತವನ ಮನೆಯವರು ಪರಿಹಾರ ಕೇಳಬಹುದು ಎಂಬುದೇ ನಮ್ಮ ಕಾನೂನಿಗೆ ಬಂದದ್ದು 1855ರ ಮಾರಕ ಅಪಘಾತಗಳ ಕಾಯ್ದೆಯಿಂದ. ಆಗ ಸಿವಿಲ್ ದಾವೆಯನ್ನೇ ಹೂಡಬೇಕಿತ್ತು; ಕೋರ್ಟ್ ಫೀ ಕಟ್ಟಲಾರದ ವಿಧವೆಗೆ ಆ ಹಕ್ಕು ಕಾಗದದ ಮೇಲಷ್ಟೇ. 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿ ಕೊಟ್ಟರೆ ಸಾಕು ಎನ್ನುವ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಲಾಯಿತು. 1988ರ ಕಾಯ್ದೆ ಅದನ್ನೇ ಮುಂದುವರಿಸಿತು. ಅಂದರೆ ಈ ನ್ಯಾಯಮಂಡಳಿ ಹುಟ್ಟಿದ್ದೇ ವಕೀಲರಿಲ್ಲದೆಯೂ ಬಡವರು ಬಾಗಿಲು ತಟ್ಟಲಿ ಎಂದು. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಮಂಗಳೂರಿನ ರಸ್ತೆಯಲ್ಲಿ ಪೆಟ್ಟಾದ ಕೊಪ್ಪದವನು ತಾನು ವಾಸಿಸುವ ಕಡೆಯ ನ್ಯಾಯಮಂಡಳಿಗೇ ಹೋಗಬಹುದು. 2022ರಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರೇ 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಅವಕಾಶವಿದೆ.

ಹಾಗಾದರೆ ವಕೀಲರು ಬೇಡವೇ? ಮೊದಲ ವಾರದಲ್ಲಿ ಬೇಡ ಎನ್ನುವುದೇ ನನ್ನ ಉತ್ತರ. ಆ ವಾರ ಬೇಕಾದದ್ದು ಕಾಗದ. ಠಾಣೆಯಲ್ಲಿ ಎಫ್‌ಐಆರ್ ಆಗಬೇಕು, ಅದರ ಪ್ರತಿ ಉಚಿತವಾಗಿ ಸಿಗಬೇಕು. ಡಾಕ್ಟರ ಮುಂದೆ "ಅಪಘಾತ" ಎಂದೇ ಹೇಳಬೇಕು. ಯಾರ ಮೇಲೂ ಕೇಸಾಗದಿರಲಿ ಎಂದು ಸೇರಿಸಿದ ಒಂದು ಸುಳ್ಳು ಮುಂದೆ ಇಡೀ ಅರ್ಜಿಯನ್ನು ನುಂಗಬಹುದು. ವಾಹನದ ನಂಬರು, ವಿಮೆಯ ವಿವರ, ಔಷಧದ ಚೀಟಿ, ಆಂಬುಲೆನ್ಸ್ ರಸೀತಿ ಎಲ್ಲ ಒಂದು ಚೀಲದಲ್ಲಿ ಬೀಳಲಿ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಮೊದಲ ಏಳು ದಿನದ ಚಿಕಿತ್ಸೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಸೌಲಭ್ಯವುಂಟು. ಅದನ್ನು ಕೇಳಲೂ ವಕಾಲತ್ತು ಬೇಕಿಲ್ಲ. ಆಸ್ಪತ್ರೆಯ ವಾರ್ಡಿಗೇ ಬಂದು "ನಮ್ಮ ಸಾಹೇಬರು ಎಲ್ಲ ನೋಡಿಕೊಳ್ತಾರೆ, ಇಲ್ಲೊಂದು ಸಹಿ" ಎನ್ನುವವರನ್ನು ನಯವಾಗಿ ಸಾಗಹಾಕಿ. ಹಾಗೆ ಕಕ್ಷಿಗಾರರನ್ನು ಹುಡುಕಿಕೊಂಡು ಹೋಗುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ.

ಪೆಟ್ಟು ತರಚುಗಾಯದ್ದಾಗಿ, ಖರ್ಚಿಗೆಲ್ಲ ರಸೀತಿಯಿದ್ದರೆ, ವಿಮಾ ಕಂಪೆನಿಯೊಡನೆ ನ್ಯಾಯಮಂಡಳಿಯ ಮುಂದೆ ಇಲ್ಲವೇ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳಬಹುದು. ಅದಾಲತ್ತಿನಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲವೆಂಬುದನ್ನು ಮಾತ್ರ ಮರೆಯಬೇಡಿ.

ಸಾವು ಸಂಭವಿಸಿದ್ದರೆ, ಅಥವಾ ಅಂಗ ಊನವಾಗಿದ್ದರೆ, ಯಾವ ಮೊತ್ತಕ್ಕೂ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕು. ಕಾರಣ, ಲೆಕ್ಕ. 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲೂ 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಲೆಕ್ಕ ಹಾಕುವ ಕ್ರಮವನ್ನು ಗೊತ್ತುಮಾಡಿತು. ಮೂವತ್ತೈದು ವರ್ಷದ ಕೂಲಿಯವನು, ತಿಂಗಳ ದುಡಿಮೆ 15,000. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳಿ. ಮುಂದಿನ ಏರಿಕೆಗೆಂದು ಶೇಕಡಾ 40 ಸೇರಿಸಿದರೆ 21,000. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿನ ಗುಣಕ 16. ಒಟ್ಟು 30,24,000 ರೂಪಾಯಿ. ಅಂತ್ಯಸಂಸ್ಕಾರ ಮೊದಲಾದ ಬಾಬ್ತುಗಳು ಬೇರೆ. ರಸ್ತೆ ಬದಿಯಲ್ಲಿ ಈ ಗುಣಾಕಾರ ಮಾಡುವವರು ಯಾರು?

ಗಾಯದ ಲೆಕ್ಕ ಇನ್ನೂ ಸೂಕ್ಷ್ಮ. ಡಾಕ್ಟರು ಬರೆಯುವ ಶೇಕಡಾವಾರು ಊನ ಒಂದು, ಅದರಿಂದ ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು ಎಂದು ಸುಪ್ರೀಂ ಕೋರ್ಟು 2010ರ ರಾಜಕುಮಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಪಾದದ ಗಂಟು ಗಡುಸಾದರೆ ಗುಮಾಸ್ತನ ಕೆಲಸ ನಿಲ್ಲದು. ಅಡಿಕೆ ಮರ ಹತ್ತುವ ಕೊನೆಗಾರನ ಕಸುಬು ಅಲ್ಲಿಗೇ ಮುಗಿಯಿತು. ಇದನ್ನು ಸಾಕ್ಷ್ಯದಿಂದ ತೋರಿಸುವುದು ವಕೀಲರ ಕೆಲಸ. ಕೂಲಿಯವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕರ್ನಾಟಕದ ಕೂಲಿಕಾರನೊಬ್ಬನ ಮೊಕದ್ದಮೆಯಲ್ಲಿ ಕೆಳಗಿನ ಹಂತದಲ್ಲಿ ತಿಂಗಳಿಗೆ 3,000 ಎಂದು ಹಿಡಿದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅವನೇ ಹೇಳಿದ 4,500ನ್ನು ದಾಖಲೆಯಿಲ್ಲದೆಯೂ ಒಪ್ಪಿತು. ಅಲ್ಲಿವರೆಗೆ ಹೋಗಿ ಕೇಳಿದವರಿದ್ದದ್ದರಿಂದ ಆ ವ್ಯತ್ಯಾಸ ಸಿಕ್ಕಿತು.

ಮಲೆನಾಡಿನಲ್ಲಿ ತಡಮಾಡದೆ ವಕೀಲರಲ್ಲಿಗೆ ಓಡಬೇಕಾದ ಪ್ರಸಂಗ ಇನ್ನೊಂದಿದೆ: ಸರಕು ಸಾಗಿಸುವ ಪಿಕಪ್ಪಿನಲ್ಲಿ ಜನ ಕೂತು ಹೋಗುವಾಗ ಅದು ಮಗುಚಿದರೆ. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆಗ ಗಾಯಾಳು ಮಾಲೀಕನ ಆಳೇ, ಸರಕಿನ ಯಜಮಾನನೇ, ದಾರಿಯಲ್ಲಿ ಹತ್ತಿದವನೇ ಎಂಬ ಒಂದೇ ಪ್ರಶ್ನೆಯ ಮೇಲೆ ಎಲ್ಲವೂ ನಿಲ್ಲುತ್ತದೆ. ಕೆಲಸದ ಮೇಲೆ ಹೋಗುತ್ತಿದ್ದವನಿಗೆ ಕಾರ್ಮಿಕ ಪರಿಹಾರದ ದಾರಿಯೂ ಉಂಟು. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕು. ಅರ್ಜಿ ಹಾಕಿದ ಮೇಲೆ ಕೇಳುವ ಸಲಹೆ ಇದಲ್ಲ. ವಾಹನಕ್ಕೆ ವಿಮೆಯೇ ಇಲ್ಲದಿದ್ದರೂ, ತಪ್ಪು ಗಾಯಾಳುವಿನದೇ ಎಂದು ಪೊಲೀಸರು ಬರೆದಿದ್ದರೂ ಹೀಗೆಯೇ.

ಗಡುವಿನ ಕಥೆ ಬಹಳ ಅಂಕುಡೊಂಕು. 1988ರ ಕಾಯ್ದೆಯಲ್ಲಿದ್ದ ಆರು ತಿಂಗಳ ಮಿತಿಯನ್ನು 1994ರಲ್ಲಿ ತೆಗೆದರು; 2019ರ ತಿದ್ದುಪಡಿ ಅದನ್ನು ಮತ್ತೆ ತಂದು, 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೈಕಟ್ಟಿ ಕೂರುವುದಕ್ಕಿಂತ ಆರು ತಿಂಗಳನ್ನೇ ಗಡುವೆಂದು ಬಗೆಯುವುದು ಕ್ಷೇಮ.

ಇನ್ನು ಫೀಸು. ಬಂದದ್ದರಲ್ಲಿ ಇಷ್ಟು ಪಾಲು ಎಂದು ವಕೀಲರು ಕರಾರು ಮಾಡುವುದು ಅಮೆರಿಕದಲ್ಲಿ ವಾಡಿಕೆ. ನಮ್ಮಲ್ಲಿ ಪರಿಷತ್ತಿನ ನಿಯಮ ಅದನ್ನು ನಿಷೇಧಿಸಿದೆ. ಆದರೂ ಬಾಯಿಮಾತಿನಲ್ಲಿ ನಡೆಯುತ್ತದೆ ಎಂಬುದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಮೊದಲ ದಿನವೇ ಮೊತ್ತ ಕೇಳಿ ಬರೆಸಿಕೊಳ್ಳಿ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಕೊಡಲು ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಇದನ್ನು ಕೇಳಬಹುದು. ತಾಲ್ಲೂಕು ಸಮಿತಿ ಇರುವುದು ಕೋರ್ಟಿನ ಆವರಣದಲ್ಲಿ. ಅರ್ಜಿ ಕನ್ನಡದಲ್ಲಿ ಬರೆದರೂ ಆದೀತು.