ವಿಕ್ರಾಂತ್‌ನ ರಾತ್ರಿ ಪಾಳಿಯ ಅಲಿಝೆ

ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಎಂದೊಡನೆ ನೆನಪಾಗುವುದು ಸೀ ಹಾಕ್ ಜೆಟ್‌ಗಳು. 1971ರ ಡಿಸೆಂಬರ್ 4ರಂದು ಅವು ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ಎರಗಿದ ಕಥೆ ಆ ವರ್ಷದ ಭಾರತ-ಪಾಕಿಸ್ತಾನ ಯುದ್ಧದ ಬರಹಗಳಲ್ಲೆಲ್ಲ ಸಿಗುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ಡೆಕ್‌ನಿಂದ ಏರುತ್ತಿದ್ದ ಇನ್ನೊಂದು ವಿಮಾನದ ಹೆಸರು ಮಾತ್ರ ಹೆಚ್ಚು ಜನರ ಕಿವಿಗೆ ಬಿದ್ದಿಲ್ಲ. ಮೂಗಿನಲ್ಲಿ ಒಂದೇ ಪ್ರೊಪೆಲ್ಲರ್, ಒಳಗೆ ಮೂವರು, ಎಷ್ಟು ಓಡಿದರೂ ಗಂಟೆಗೆ 500 ಕಿಲೋಮೀಟರಿನ ಆಸುಪಾಸು. ಫ್ರಾನ್ಸಿನ ಬ್ರೆಗೆ ಕಂಪನಿ ಕಟ್ಟಿದ ಈ ವಿಮಾನವೇ ಅಲಿಝೆ. ನೀರಿನಡಿ ಅಡಗಿದ ಜಲಾಂತರ್ಗಾಮಿಯನ್ನು ಹುಡುಕುವುದು ಇದರ ಕಸುಬು.

ಆ ಕಾಲದ ಡೀಸೆಲ್ ಜಲಾಂತರ್ಗಾಮಿ ಮುಳುಗಿದಾಗ ಬ್ಯಾಟರಿಯ ಬಲದ ಮೇಲೆ ಓಡುತ್ತಿತ್ತು. ಬ್ಯಾಟರಿ ಬರಿದಾದರೆ ಎಂಜಿನ್ ಚಾಲೂ ಮಾಡಲೇಬೇಕು, ಎಂಜಿನ್ನಿಗೆ ಗಾಳಿ ಬೇಕೇ ಬೇಕು. ಹಾಗಾಗಿ ಸ್ನಾರ್ಕೆಲ್ ಎಂಬ ಕೊಳವೆಯೊಂದನ್ನು ನೀರಿನ ಮೇಲೆ ಚಾಚುತ್ತಿದ್ದರು. ಅಲೆಗಳ ನಡುವೆ ಹಡಗಿನಿಂದ ಕಾಣದ ಆ ಕೊಳವೆ ಮೇಲಿನಿಂದ ನೋಡುವ ರಾಡಾರಿಗೆ ಸಿಕ್ಕಿಬೀಳುತ್ತಿತ್ತು. ವಿಮಾನದ ಸುಳಿವು ಸಿಕ್ಕೊಡನೆ ಜಲಾಂತರ್ಗಾಮಿ ಕೆಳಗಿಳಿಯುತ್ತದೆ. ಆಗ ಅದಿದ್ದ ಜಾಗದ ಸುತ್ತ ಸೋನೋಬಾಯ್‌ಗಳನ್ನು ಉದುರಿಸಬೇಕು. ಇವು ನೀರಿನಲ್ಲಿ ತೇಲುತ್ತ, ಕೆಳಗಿನ ಸದ್ದನ್ನು ಆಲಿಸಿ ರೇಡಿಯೊ ಮೂಲಕ ವಿಮಾನಕ್ಕೆ ಮುಟ್ಟಿಸುತ್ತವೆ. ಜಾಗ ಖಚಿತವಾದ ಮೇಲೆ ಟಾರ್ಪಿಡೊ ಅಥವಾ ಡೆಪ್ತ್ ಚಾರ್ಜ್.

ಇಷ್ಟನ್ನೂ ಒಂದೇ ವಿಮಾನ ಮಾಡಬೇಕು ಎಂಬುದು ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ದೊಡ್ಡ ಬಯಕೆ. ಅಮೆರಿಕದ ಗಾರ್ಡಿಯನ್ ವಿಮಾನಗಳು ಜೋಡಿಯಾಗಿ ಹಾರುತ್ತಿದ್ದವು: ಒಂದು ಹುಡುಕಿದರೆ ಇನ್ನೊಂದು ಹೊಡೆಯಬೇಕಿತ್ತು. ಅಂಗೈಯಗಲ ಜಾಗವೂ ಲೆಕ್ಕಕ್ಕೆ ಬರುವ ಡೆಕ್ಕಿನ ಮೇಲೆ ಒಂದು ಕೆಲಸಕ್ಕೆ ಎರಡು ವಿಮಾನ ದುಬಾರಿ. ಎರಡನ್ನೂ ಒಂದೇ ವಿಮಾನ ಮಾಡಲೆಂದು ಬ್ರಿಟನ್ ಗ್ಯಾನೆಟ್ ಕಟ್ಟಿತು, ಅಮೆರಿಕ ಎರಡು ಎಂಜಿನ್ನಿನ ಟ್ರ್ಯಾಕರ್ ಕಟ್ಟಿತು.

ಫ್ರಾನ್ಸ್ ಇದೇ ಜಾಗಕ್ಕೆ ಬಂದು ಸೇರಿದ್ದು ಸುತ್ತುದಾರಿಯಲ್ಲಿ. ಬ್ರೆಗೆ ಕಂಪನಿ 1951ರಲ್ಲಿ ಹಾರಿಸಿದ ವುಲ್ಟೂರ್ ದಾಳಿಗೆಂದೇ ರೂಪುಗೊಂಡ ವಿಮಾನ. ಮೂಗಿನಲ್ಲಿ ಟರ್ಬೊಪ್ರಾಪ್, ಬಾಲದಲ್ಲಿ ಜೆಟ್. ದೂರದ ಹಾರಾಟಕ್ಕೆ ಮೊದಲನೆಯದು, ದಾಳಿಯ ವೇಳೆ ವೇಗಕ್ಕೆ ಎರಡನೆಯದು ಎಂಬ ಲೆಕ್ಕಾಚಾರ. ಅದು ಉತ್ಪಾದನೆಯ ಹಂತ ತಲುಪಲೇ ಇಲ್ಲ. ಆದರೆ ಎಂಜಿನಿಯರುಗಳು ಅದನ್ನು ಮೂಲೆಗೆ ತಳ್ಳಲಿಲ್ಲ. ಎರಡನೇ ಮಾದರಿಯ ಬಾಲದ ಜೆಟ್ ಕಿತ್ತು, ಹೊಟ್ಟೆಯಲ್ಲಿ ರಾಡಾರಿಗೆ ಜಾಗ ಮಾಡಿದರು. ಅಲಿಝೆ ರೂಪುಗೊಂಡದ್ದು ಆ ಕೆಲಸದಿಂದ. ಮೊದಲ ಅಲಿಝೆ ಹಾರಿದ್ದು 1956ರ ಅಕ್ಟೋಬರಿನಲ್ಲಿ. 1959ರಲ್ಲಿ ಫ್ರೆಂಚ್ ನೌಕಾಪಡೆಯ ಸೇವೆಗೆ ಸೇರಿತು. ಒಂದು ಆಸೆ ಕೈಬಿಟ್ಟಾಗ ಅದರ ಒಡಲನ್ನು ಇನ್ನೊಂದು ಅಗತ್ಯಕ್ಕೆ ಒಗ್ಗಿಸಿದ ಈ ಜಾಣತನ ನನಗೆ ಆ ಕಾಲದ ವಿಮಾನ ವಿನ್ಯಾಸದ ಅತ್ಯುತ್ತಮ ಗುಣವಾಗಿ ಕಾಣುತ್ತದೆ.

ವಿಮಾನದ ಒಳಗನ್ನು ಕೊಂಚ ನೋಡೋಣ. ಮುಂದೆ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಮೂರನೆಯವರು ಅವರ ಹಿಂದೆ, ಉಪಕರಣಗಳ ಕಡೆ ಮುಖ ಮಾಡಿ ಅಡ್ಡಲಾಗಿ ಕೂರಬೇಕು. ವಿಮಾನ ಏರಿದ ಮೇಲೆ ರಾಡಾರಿನ ಗುಮ್ಮಟ ಹೊಟ್ಟೆಯಿಂದ ಕೊಡದ ತಳದಂತೆ ಕೆಳಗಿಳಿಯುತ್ತದೆ, ಡೆಕ್ಕಿಗೆ ಮರಳುವ ಮುನ್ನ ಮತ್ತೆ ಒಳಸೇರುತ್ತದೆ. ರೆಕ್ಕೆಗಳಲ್ಲಿ ಎರಡು ಉಬ್ಬುಗಳಿವೆ. ಎಂಜಿನ್ ಇರಬಹುದು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಅವುಗಳಲ್ಲಿ ಇರುವುದು ಮಡಚಿಕೊಂಡ ಚಕ್ರಗಳು, ಮುಂಭಾಗದಲ್ಲಿ ಸೋನೋಬಾಯ್‌ಗಳು. ಈ ಪೆಟ್ಟಿಗೆಯಂಥ ಜಾಗದಲ್ಲಿ ಮೂವರೂ ಐದು ತಾಸಿನಷ್ಟು ಹೊತ್ತು ಕೂತು ಕಡಲು ಶೋಧಿಸಬೇಕಿತ್ತು. ಹೆಚ್ಚಿನ ದಿನ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದೆ ಮರಳುವ ಕೆಲಸವನ್ನು ದಿನವೂ ಅಷ್ಟೇ ಶ್ರದ್ಧೆಯಿಂದ ಮಾಡುವವರ ಬಗ್ಗೆ ನನಗೆ ದೊಡ್ಡ ಗೌರವ.

ಫ್ರಾನ್ಸ್ 75 ಅಲಿಝೆ ಕೊಂಡಿತು. ಭಾರತ 12 ಕೊಂಡಿತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ವಿಕ್ರಾಂತ್ ನೌಕಾಪಡೆಗೆ ಸೇರಿತು. ಅದೇ ತಿಂಗಳು ಫ್ರಾನ್ಸಿನ ಇಯೇರ್‌ನಲ್ಲಿ ಅಲಿಝೆಗಳ ನಮ್ಮ 310ನೇ ಸ್ಕ್ವಾಡ್ರನ್ 'ಕೋಬ್ರಾ' ಹುಟ್ಟಿತು. ಆ ವರ್ಷವೇ ಗೋವಾ ವಿಮೋಚನೆಯ ವೇಳೆ ಅವು ಗಸ್ತಿಗೆ ಇಳಿದವು.

ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ. ವಿಮಾನವಾಹಕ ನೌಕೆ ವಿಮಾನ ಹಾರಿಸಬೇಕಾದರೆ ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು. ಹಡಗಿನ ಓಟ, ಎದುರುಗಾಳಿ, ಉಗಿಯ ಕ್ಯಾಟಪಲ್ಟಿನ ತಳ್ಳು ಮೂರೂ ಕೂಡಿದಾಗ ಮಾತ್ರ ಎಂಟು ಟನ್ನಿನ ಅಲಿಝೆ ತುಂಬಿದ ಭಾರ ಹೊತ್ತು ಏರೀತು. ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಹಡಗು ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಡಿಸೆಂಬರಿನ ಬಂಗಾಳ ಕೊಲ್ಲಿಯಲ್ಲಿ ಗಾಳಿಯೂ ಹೆಚ್ಚಿರುವುದಿಲ್ಲ. ಅಂಥ ಸ್ಥಿತಿಯಲ್ಲೂ ಅದನ್ನು ಯುದ್ಧಕ್ಕೆ ಇಳಿಸಿದರು. ಹಗಲು ಸೀ ಹಾಕ್‌ಗಳ ಪಾಳಿ, ರಾತ್ರಿ ಅಲಿಝೆಗಳ ಪಾಳಿ. ಜಲಾಂತರ್ಗಾಮಿ ಬೇಟೆಗೆಂದು ಹುಟ್ಟಿದ ವಿಮಾನ ಪೂರ್ವ ಪಾಕಿಸ್ತಾನದ ಬಂದರುಗಳ ಮೇಲೆ ಕತ್ತಲಲ್ಲಿ ಬಾಂಬು ಹಾಕಿತು.

ವಿಕ್ರಾಂತ್‌ಗೆ ಎದುರಿದ್ದ ಅಪಾಯವೂ ಸಣ್ಣದಲ್ಲ. ಅದನ್ನು ಮುಳುಗಿಸಲೆಂದೇ ಬಂದಿದ್ದ ಪಾಕಿಸ್ತಾನದ ಘಾಝಿ ಜಲಾಂತರ್ಗಾಮಿ ಡಿಸೆಂಬರ್ 3ರ ನಡುರಾತ್ರಿಯ ಸುಮಾರಿಗೆ ವಿಶಾಖಪಟ್ಟಣದ ಬಳಿ ಮುಳುಗಿತು. ಪಶ್ಚಿಮದಲ್ಲಿ ಅದೃಷ್ಟ ನಮ್ಮ ಕಡೆ ಇರಲಿಲ್ಲ. ಡಿಸೆಂಬರ್ 9ರಂದು ದೀವ್ ಬಳಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 194 ಮಂದಿ ಹೋದರು. ಹಂಗೋರ್ ಕೂಡ ಫ್ರಾನ್ಸಿನಲ್ಲೇ ಕಟ್ಟಿದ್ದು. ಮರುದಿನ ಅರಬ್ಬೀ ಸಮುದ್ರದ ಮೇಲಿದ್ದ ನಮ್ಮ ಅಲಿಝೆಯೊಂದನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದುರುಳಿಸಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಓಡಬಲ್ಲ ಜೆಟ್ಟಿನ ಮುಂದೆ ಈ ನಿಧಾನದ ವಿಮಾನಕ್ಕೆ ಪಾರಾಗುವ ದಾರಿ ಇರಲಿಲ್ಲ. ಮೂವರೂ ಮರಳಲಿಲ್ಲ. ಖುಕ್ರಿಯ ಹೆಸರು ಹೇಳುವಾಗ ಈ ಮೂವರನ್ನೂ ನೆನೆಯಬೇಕು ಎಂದೇ ನನ್ನ ಒತ್ತಾಯ.

ಅಲಿಝೆಯ ಎಂಜಿನ್ ರೋಲ್ಸ್ ರಾಯ್ಸ್ ಡಾರ್ಟ್. ಬಜ್ಪೆಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ ಆವ್ರೋ ಹತ್ತಿದವರಿಗೆ ಇದರ ಕೀರಲು ಸದ್ದು ಗೊತ್ತಿರುತ್ತದೆ, ಅದರಲ್ಲಿದ್ದದ್ದೂ ಡಾರ್ಟ್. ಫ್ರಾನ್ಸ್ ತನ್ನ ಅಲಿಝೆಗಳಿಗೆ ಹೊಸ ರಾಡಾರ್ ಹಾಕಿ 2000ದವರೆಗೂ ದುಡಿಸಿತು, 1999ರ ಕೊಸೊವೊ ಕಾರ್ಯಾಚರಣೆಯಲ್ಲೂ ಫೋಶ್ ನೌಕೆಯಿಂದ ಹಾರಿಸಿತು. ನಮ್ಮಲ್ಲಿ 1987ರವರೆಗೆ ಅವು ವಿಕ್ರಾಂತ್‌ನಲ್ಲಿದ್ದವು. ಬಳಿಕ ಸೀ ಹ್ಯಾರಿಯರ್‌ಗಳಿಗಾಗಿ ಮುಂತುದಿಯಲ್ಲಿ ಸ್ಕೀ ಜಂಪ್ ಇಳಿಜಾರು ಕಟ್ಟಿದಾಗ ಅಲಿಝೆಗೆ ಅಲ್ಲಿ ಜಾಗ ಉಳಿಯಲಿಲ್ಲ. ಕೆಲವು ವರ್ಷ ದಡದಿಂದ ಹಾರಿ 1990ರ ದಶಕದ ಆರಂಭದಲ್ಲಿ ನಿವೃತ್ತಿಯಾದವು. ಅವುಗಳ ಕೆಲಸ ಸೀ ಕಿಂಗ್ ಹೆಲಿಕಾಪ್ಟರ್‌ಗಳಿಗೆ ಹೋಯಿತು. ಕೋಬ್ರಾ ಸ್ಕ್ವಾಡ್ರನ್ ಡಾರ್ನಿಯರ್‌ಗಳೊಂದಿಗೆ ಗೋವಾದಲ್ಲಿ ಮುಂದುವರಿದಿದೆ.

ಹಳೆಯ ವಿಕ್ರಾಂತ್ 2014ರಲ್ಲಿ ಗುಜರಿಗೆ ಹೋಯಿತು. ಅಲಿಝೆ ಒಂದು ಉಳಿದಿದೆ. ಗೋವಾದ ದಾಬೋಲಿಂ ವಿಮಾನ ನಿಲ್ದಾಣದಿಂದ ಬೋಗ್ಮಾಲೊ ಕಡಲತೀರಕ್ಕೆ ಹೋಗುವ ದಾರಿಯಲ್ಲಿ ನೌಕಾ ವಿಮಾನಯಾನ ವಸ್ತುಸಂಗ್ರಹಾಲಯವಿದೆ, ಅದರ ಬಯಲಲ್ಲಿ ಸೀ ಹಾಕ್ ಜೊತೆ ಅದೂ ನಿಂತಿದೆ. ಹುಬ್ಬಳ್ಳಿ, ಬೆಳಗಾವಿ, ಕಾರವಾರದಿಂದ ಗೋವಾಕ್ಕೆ ಹೋಗುವವರು ಒಂದರ್ಧ ದಿನ ಅದಕ್ಕೆಂದು ಎತ್ತಿಡಿ, ಮಕ್ಕಳನ್ನೂ ಕರೆದೊಯ್ಯಿರಿ.